ಬಲಪೀಠದ ಶ್ರೀಮುಖದಿಂದ

ಮೈಸೂರಿನ ಮಂಡಕಳ್ಳಿಯಲ್ಲಿ, 1740 ಮೀಟರಿನ ಗಿಡ್ಡ ಓಡುಹಾದಿಗೆ ಹೊಂದಿಕೊಳ್ಳುವ, ಹಿಂಬಾಗಿಲಿನಿಂದ ಪ್ರಯಾಣಿಕರನ್ನು ಹತ್ತಿಸಿಕೊಳ್ಳುವ ಎ.ಟಿ.ಆರ್. 72 ವಿಮಾನವೊಂದು ವಿಶ್ರಮಿಸುತ್ತಿದ್ದಾಗ, ಅದರ ಚಾಲಕಕೋಣೆಯ ಬಲಗಡೆಯ ಆಸನವು, ಎಂದರೆ ಸಹಪೈಲಟ್ಟರ ಪೀಠವು, ಕೃಪೆಯಿಟ್ಟು ನಮಗೆ ದರ್ಶನವಿತ್ತಿತು.

ನಾವು: ತಮ್ಮನ್ನು ಅಲಂಕರಿಸುವವರು ಎಂತಹವರು?

ಪೀಠ: ಮಠದ ಪೀಠವನ್ನೇರಿದವರು ಇಳಿಯಲೊಲ್ಲರೆಂದು ಕೇಳಿಬಲ್ಲೆ; ನನ್ನನ್ನೇರಿದವರಾದರೋ ಪಟ್ಟಿ ಬಿಗಿದುಕೊಳ್ಳುವ ಮುನ್ನವೇ ಇಳಿಯುವ ದಾರಿಯನ್ನು ಅರಸತೊಡಗುವರು. ತಂದೆಯ ಜಮೀನನ್ನು ಬ್ಯಾಂಕಿಗೆ ಒತ್ತೆಯಿಟ್ಟು, 200 ಗಂಟೆ ಹಾರಿ ಲೈಸೆನ್ಸು ಪಡೆದು ಬಂದ ತರುಣನು, 1500 ಗಂಟೆ ತುಂಬುವವರೆಗೂ ಲಾಗ್‌ಬುಕ್ಕನ್ನು ಜಪಮಾಲೆಯಂತೆ ಎಣಿಸುತ್ತ ಕುಳಿತಿರುತ್ತಾನೆ.

ನಾವು: ಚಿಕ್ಕ ವಿಮಾನದಲ್ಲಿ ಕ್ಯಾಪ್ಟನ್ ಪದವಿ ಬೇಗ ಲಭಿಸುವುದಂತಲ್ಲ?

ಪೀಠ: ಲಭಿಸುವುದುಂಟು. ಆದರೂ ಜೆಟ್ಟಿನ ಮೋಹ ಬಿಡದು. ಅಲ್ಲಿಗೆ ಹೋದರೆ ಇಲ್ಲಿಯ ಟೈಪ್ ರೇಟಿಂಗ್ ಸಲ್ಲದು. ಪುನಃ ತರಬೇತಿ, ಎಷ್ಟೋ ವೇಳೆ ಪುನಃ ಬಲಪೀಠ. ಸಾಗರ ದಾಟುವ ದೀರ್ಘಯಾನದಲ್ಲಿ ಸರದಿಯ ಮೇಲೆ ಮಲಗಿ ನಿದ್ರಿಸಿ, ತಿಂಗಳಿಗೆ ಬೆರಳೆಣಿಕೆಯಷ್ಟು ಸಲ ವಿಮಾನವನ್ನು ನೆಲಕ್ಕಿಳಿಸುವವನು ಮಹಾಪೈಲಟ್ಟನೆನಿಸಿಕೊಳ್ಳುತ್ತಾನೆ, 25,000 ಅಡಿಯ ಮೇಲಕ್ಕೇರಲಾರದ ನಮ್ಮಲ್ಲಿ, ಮುಂಗಾರಿನ ಮೋಡಗಳನ್ನು ಸುತ್ತಿಬಳಸಿ, ಒಂದೇ ದಿನದಲ್ಲಿ ನಾಲ್ಕಾರು ಬಾರಿ ಇಳಿಸುವವನನ್ನು ಮಾತ್ರ ಹೆಣ್ಣಿನ ಕಡೆಯವರು, “ಹುಡುಗನದು ಫ್ಯಾನಿನ ವಿಮಾನವೆ?” ಎಂದು ಕನಿಕರದಿಂದ ವಿಚಾರಿಸುತ್ತಾರೆ.

ನಾವು: ಬಿಟ್ಟುಹೋಗುವುದಾದರೂ ಸುಲಭವೋ?

ಪೀಠ: (ಕಿರುಗುಟ್ಟಿ ನಕ್ಕು) ರಾಜೀನಾಮೆಯಿತ್ತ ಮೇಲೂ ಸಹಪೈಲಟ್ಟನು ಆರು ತಿಂಗಳು, ಕ್ಯಾಪ್ಟನ್ನನು ಒಂದು ವರ್ಷ ದುಡಿಯತಕ್ಕದ್ದೆಂದು 2017ರಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ವಿಧಿಸಿತು, ಪ್ರಯಾಣಿಕರಿಗೆ ತೊಂದರೆಯಾಗಬಾರದೆಂಬ ಕಾರಣವೇನೋ ಸಾಧುವೆ. ಆದರೆ 2012ರಲ್ಲಿ ಕಿಂಗ್‌ಫಿಷರೂ, 2019ರ ಏಪ್ರಿಲ್ 17ರ ರಾತ್ರಿ ಜೆಟ್ ಏರ್‌ವೇಸೂ ರೆಕ್ಕೆ ಮಡಿಚಿದಾಗ, ಬಾಕಿ ಸಂಬಳಕ್ಕಾಗಿ ಕಾದು ಕುಳಿತಿದ್ದ ಪೈಲಟ್ಟರಿಗೆ ಯಾರೂ ಒಂದು ವರ್ಷದ ಮುನ್ಸೂಚನೆ ಕೊಟ್ಟುದನ್ನು ನಾನು ಕೇಳಲಿಲ್ಲ.

ನಾವು: ಹಾಗಾದರೆ ಇಲ್ಲಿಯೇ ನೆಲೆಸಿರೆಂದು ತರುಣರಿಗೆ ಉಪದೇಶಿಸಬಾರದೆ?

ಪೀಠ: ಉಪದೇಶವು ಎಡಪೀಠದ ಕ್ಯಾಪ್ಟನ್ನರ ಹಕ್ಕು. ಪ್ರತಿದಿನವೂ ಅದನ್ನೇ ಮನಮುಟ್ಟುವಂತೆ ಬೋಧಿಸುತ್ತಿದ್ದಾರೆ. ಹೋದ ವಾರವಷ್ಟೆ ದುಬೈಗೆ ಅರ್ಜಿ ಹಾಕಿದರು.