ಓಕೆ ಸರ್!

ಮನೆ ಭದ್ರಾವತಿಯ ನ್ಯೂಟೌನಿನಲ್ಲಿ, ಕೆಲಸ ಶಿವಮೊಗ್ಗದ ಕಡೆಯ ಹಳ್ಳಿಗಳಲ್ಲಿ. ಸರ್ಕಾರದ ಕಾಗದದಲ್ಲಿ ಗ್ರಾಮ ಆಡಳಿತ ಅಧಿಕಾರಿ, ಊರವರ ಬಾಯಲ್ಲಿ ವಿಎ ಸಾಹೇಬ್ರು. ಹೆಂಡತಿ ಏನಂತ ಕರೆಯುತ್ತಾರೋ, ಫೋನಿನ ಸದ್ದಿನಲ್ಲಿ ಇವರಿಗೇ ಕೇಳಿಸಿಲ್ಲ.

ಇವರನ್ನು ಗುರುತಿಸುವುದು ಕಷ್ಟವಲ್ಲ. ಹೆಗಲಿನ ಚೀಲದಲ್ಲಿ ಪವರ್ ಬ್ಯಾಂಕು. ಮದುವೆಮನೆಯಲ್ಲೂ ಪ್ಲಗ್ ಪಾಯಿಂಟಿನ ಪಕ್ಕದ ಕುರ್ಚಿಯೇ ಬೇಕು. ಫೋನಿನೊಳಗೆ ಬೆಳೆ ಸಮೀಕ್ಷೆ, ಬಗರ್‌ಹುಕುಂ, ಇ-ಆಫೀಸು ಅಂತ ಸರ್ಕಾರಿ ಆ್ಯಪುಗಳು. ಅವುಗಳ ಮಗ್ಗುಲಲ್ಲೇ ಮಗಳ ಶಾಲೆಯ ಗ್ರೂಪು, ಮನೆಮಂದಿಯ ಗ್ರೂಪು. ಎಲ್ಲವೂ ಒಂದೇ ಥರ ‘ಟಿಂಗ್’ ಅನ್ನುವುದರಿಂದ ಇವರೂ ಎಲ್ಲಕ್ಕೂ ಒಂದೇ ಉತ್ತರ ಕೊಡುತ್ತಾರೆ. ‘ಮಗಳಿಗೆ ಜ್ವರ, ಬೇಗ ಬನ್ನಿ’ ಅಂತ ಹೆಂಡತಿ ಬರೆದರೆ, ‘ಓಕೆ ಸರ್, ತುರ್ತು ಕ್ರಮ ವಹಿಸಲಾಗುವುದು.’

ಸರ್ಕಾರಿ ಜಮೀನು ಒತ್ತುವರಿಯಾಗಿದೆಯೇ ಎಂದು ಲ್ಯಾಂಡ್ ಬೀಟ್ ಆ್ಯಪಿಗೆ ವರದಿ ಮಾಡಬೇಕಾದರೆ ಆ ಜಾಗಕ್ಕೇ ಹೋಗಿ ನಿಲ್ಲಬೇಕು. ಆ ಶಿಸ್ತು ಈಗ ಸಂಸಾರಕ್ಕೂ ಇಳಿದಿದೆ. ಶಿವಮೊಗ್ಗದ ಗಾಂಧಿಬಜಾರಿನಲ್ಲಿ ಬದನೆಕಾಯಿ ಕೊಂಡರೆ ಅದರ ಫೋಟೋ ಅಕ್ಷಾಂಶ, ರೇಖಾಂಶ, ದಿನಾಂಕ, ಸಮಯ ಸಮೇತ ಹೆಂಡತಿಗೆ ಸಲ್ಲಿಕೆಯಾಗುತ್ತದೆ. ಒಮ್ಮೆ ಕೈತಪ್ಪಿ ಅದು ಕಚೇರಿಯ ಗ್ರೂಪಿಗೆ ಹೋಯಿತು. ಮೇಲಿನವರೊಬ್ಬರು ‘ಗುಡ್ ವರ್ಕ್’ ಎಂದು ಹೆಬ್ಬೆರಳು ಎತ್ತಿದರು. ಉಳಿದವರೂ ಎತ್ತಿದರು.

ರಾತ್ರಿ ಊಟದ ಹೊತ್ತಿಗೆ ಸರಿಯಾಗಿ ಕಚೇರಿಯ ಗ್ರೂಪಿಗೆ ಪ್ರಗತಿಯ ಪಟ್ಟಿ ಬರುತ್ತದೆ. ತಮ್ಮ ವೃತ್ತ ಕೆಂಪಕ್ಷರದಲ್ಲಿದ್ದರೆ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ಪಕ್ಕದ ವೃತ್ತವೂ ಕೆಂಪಾಗಿದ್ದರೆ ಇನ್ನೊಂದು ಸೌಟು ಸಾರು ಹಾಕಿಸಿಕೊಳ್ಳುತ್ತಾರೆ.

ಅಪ್ಪ ಭದ್ರಾವತಿಯ ಕಬ್ಬಿಣ-ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್‌ನಿಂದ ನಿವೃತ್ತರಾದವರು. 1923ರಲ್ಲಿ ಕಬ್ಬಿಣ ಕರಗಿಸಲು ಶುರುಮಾಡಿದ ಕಾರ್ಖಾನೆ. ಅವರ ಕಾಲದಲ್ಲಿ ಸೈರನ್ ಕೂಗಿದರೆ ಒಂದು ಪಾಳಿ ಒಳಗೆ, ಇನ್ನೊಂದು ಹೊರಗೆ. ‘ಗೇಟು ದಾಟಿದ ಮೇಲೆ ಕುಲುಮೆ ನಮ್ಮ ಹಿಂದೆ ಮನೆಗೆ ಬರ್ತಿರಲಿಲ್ಲ ಕಣೋ’ ಅನ್ನುತ್ತಾರೆ. ಮಗ ತಲೆಯೆತ್ತದೆ, ‘ಗಮನಿಸಲಾಗಿದೆ’ ಅನ್ನುತ್ತಾನೆ.

2024ರ ಸೆಪ್ಟೆಂಬರ್ ಕೊನೆಯಲ್ಲಿ ರಾಜ್ಯದ ವಿಎಗಳೆಲ್ಲ ಮುಷ್ಕರ ಹೂಡಿದರು: 17ಕ್ಕೂ ಹೆಚ್ಚು ಆ್ಯಪುಗಳ ಹೊರೆ ಹೇರಿದ್ದೀರಿ, ಮೊದಲು ಲ್ಯಾಪ್‌ಟಾಪು, ಇಂಟರ್ನೆಟ್ಟು ಕೊಡಿ ಅಂತ. ನಮ್ಮವರೂ ಶಾಮಿಯಾನದ ಕೆಳಗೆ ಕೂತರು. ಯಾವ ಆ್ಯಪನ್ನೂ ಮುಟ್ಟಲಿಲ್ಲ. ಕೈಗೆ ಕೆಲಸವಿಲ್ಲದೆ ಬೆರಳು ತುರಿಸತೊಡಗಿತು. ಮಧ್ಯಾಹ್ನದ ಹೊತ್ತಿಗೆ ತಡೆಯಲಾರದೆ ಧರಣಿಯದೊಂದು ಫೋಟೋ ತೆಗೆದರು. ಅಕ್ಷಾಂಶ, ರೇಖಾಂಶ, ಸಮಯ ಎಲ್ಲ ಸ್ಪಷ್ಟ. ಯಾರ ಆದೇಶಗಳ ವಿರುದ್ಧ ಕೂತಿದ್ದರೋ ಅವರ ಗ್ರೂಪಿಗೇ ಹಾಕಿ, ಕೆಳಗೆ ಬರೆದರು:

‘ಸರ್, ಸ್ಥಳದಲ್ಲಿ ಹಾಜರಿದ್ದೇನೆ.’