ಗಾಳಿಸುದ್ದಿ ಸಂಕಥನದ ತಾತ್ವಿಕ ನೆಲೆಗಳು: ಕಣಕಟ್ಟೆ ಹೋಬಳಿಯನ್ನು ಅನುಲಕ್ಷಿಸಿ

1. ಪ್ರಸ್ತಾವನೆ

ಗಾಳಿಸುದ್ದಿಯೆಂಬ ಬಹುಮುಖಿ ಲೋಕಜ್ಞಾನಶಾಖೆಯನ್ನು ವಸಾಹತೋತ್ತರ ಪರಿಪ್ರೇಕ್ಷ್ಯದಲ್ಲಿ ಮುಖಾಮುಖಿಯಾಗಿಸಿ, ಅದರ ಒಡಲಾಳದ ಅಸ್ಮಿತೆಯೊಂದಿಗೆ ಅನುಸಂಧಾನ ನಡೆಸುವುದು ಪ್ರಸ್ತುತ ಪ್ರಬಂಧದ ಆಶಯವಾಗಿದೆ. ಈ ವಾಕ್ಯ ಅರ್ಥವಾಗದವರು ಗಾಬರಿಯಾಗಬೇಕಿಲ್ಲ. ವಿಚಾರ ಸಂಕಿರಣಗಳಲ್ಲಿ ಇಂಥದ್ದಕ್ಕೇ ಚಪ್ಪಾಳೆ ಬೀಳುವುದು. ಕ್ಷೇತ್ರಕಾರ್ಯಕ್ಕೆ ಅರಸೀಕೆರೆ ತಾಲ್ಲೂಕಿನ ಕಣಕಟ್ಟೆ ಹೋಬಳಿಯನ್ನು ಆರಿಸಲಾಗಿದೆ. ಕಾರಣ: ಅಲ್ಲಿ ಟೀ ಅಂಗಡಿಗಳಿವೆ.

2. ಪೂರ್ವಸೂರಿಗಳು

ಈ ಶಾಸ್ತ್ರದ ಮೂಲಪುರುಷ ಕೌಟಿಲ್ಯ. ಅವನ ‘ಅರ್ಥಶಾಸ್ತ್ರ’ವನ್ನು 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದವರು ಆರ್. ಶಾಮಶಾಸ್ತ್ರಿಗಳು. ಅದರಲ್ಲಿ ನೆಲೆನಿಂತ ಗೂಢಚಾರರು ಐದು ಬಗೆ: ಕಪಟ ಶಿಷ್ಯ, ಸನ್ಯಾಸ ಬಿಟ್ಟವನು, ಬೇಸಾಯ ಕೆಟ್ಟವನು, ವ್ಯಾಪಾರ ಮುಳುಗಿದವನು, ತಪಸ್ವಿ. ತಪಸ್ವಿ ಕಣಿ ಹೇಳಬೇಕು. ಉಳಿದ ಚಾರರು ಗುಟ್ಟಾಗಿ ಅದನ್ನು ನಿಜ ಮಾಡಿ ತೋರಿಸಬೇಕು. ಟೀವಿಯ ಬೆಳಗಿನ ಜ್ಯೋತಿಷ್ಯಕ್ಕೆ ಇಷ್ಟು ಸಿಬ್ಬಂದಿಯಿಲ್ಲ.

1947ರಲ್ಲಿ ಆಲ್‌ಪೋರ್ಟ್, ಪೋಸ್ಟ್‌ಮನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಇದಕ್ಕೆ ಸೂತ್ರವನ್ನೇ ಕೊಟ್ಟರು: ಸುದ್ದಿಯ ಬಲ = ವಿಷಯದ ಮಹತ್ವ × ಸಂದಿಗ್ಧತೆ. ಎರಡರಲ್ಲಿ ಒಂದು ಸೊನ್ನೆಯಾದರೂ ಸುದ್ದಿ ಸತ್ತಂತೆ. ಕಣಕಟ್ಟೆ ತಿದ್ದುಪಡಿ: × ಹೇಳಿದವನ ಅಂಗಿಯ ಬಿಳುಪು.

3. ಪಂಚವಿಧ ವರ್ಗೀಕರಣ

ಅ) ನಾಣ್ಯನಿಷ್ಠ. ಹತ್ತು ರೂಪಾಯಿ ನಾಣ್ಯ ನಡೆಯಲ್ಲವೆಂಬುದು. ಹದಿನಾಲ್ಕು ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿ 17ರಂದು ಸಾರಿತು. “ಅವರು ತಗೋತಾರೆ, ನಮ್ಮತ್ರ ಯಾರು ತಗೋತಾರೆ ಕಣಣ್ಣ?” ಎಂಬುದು ಅಂಗಡಿಯ ಪ್ರತಿ-ಸಂಕಥನ.

ಆ) ಕೊಬ್ಬರಿಜನ್ಯ. “ತಿಪಟೂರಲ್ಲಿ ರೇಟು ಬಿದ್ದೋಯ್ತಂತೆ.” ಇದನ್ನು ತೋಟಕ್ಕೇ ಬಂದು, ಅನುಕಂಪದ ದನಿಯಲ್ಲಿ ಹೇಳುವವನು ಕೊಬ್ಬರಿ ಕೊಳ್ಳಲು ಬಂದವನೇ ಆಗಿರುತ್ತಾನೆ. ಕೌಟಿಲ್ಯನ ಐವರಲ್ಲಿ ಇವನಿಗೆ ಜಾಗವಿಲ್ಲ, ಏಕೆಂದರೆ ಇವನ ವ್ಯಾಪಾರ ಮುಳುಗಿಲ್ಲ.

ಇ) ಹೃದಯಸಂವೇದಿ. 2025ರ ಜೂನ್‌ನಲ್ಲಿ ನಮ್ಮ ಹಾಸನ ಜಿಲ್ಲೆಯಲ್ಲಿ ಒಂದರ ಹಿಂದೊಂದು ಹೃದಯಾಘಾತದ ಸುದ್ದಿ ಬಂತು. ಸತ್ತವರಲ್ಲಿ ಚಿಕ್ಕ ವಯಸ್ಸಿನವರಿದ್ದರು. ಸಾವು ಸುಳ್ಳಲ್ಲ, ಭಯವೂ ಸುಳ್ಳಲ್ಲ. ಕಾರಣ ಮಾತ್ರ ಗೊತ್ತಿರಲಿಲ್ಲ. ಆ ಖಾಲಿ ಜಾಗಕ್ಕೆ “ಕೊರೊನಾ ಸೂಜಿ” ಬಂದು ಕೂತಿತು. ಜುಲೈ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರೇ, ಲಸಿಕೆಗೆ ತರಾತುರಿಯಲ್ಲಿ ಅನುಮತಿ ಕೊಟ್ಟದ್ದೂ ಕಾರಣವಿರಬಹುದು ಎಂದು ಬರೆದರು. ಕಟ್ಟೆಯ ಮಾತಿಗೆ ವಿಧಾನಸೌಧದ ಮೊಹರು ಬಿತ್ತು. ಜನ ಮೈಸೂರಿನ ಜಯದೇವ ಆಸ್ಪತ್ರೆಗೆ ಮುಗಿಬಿದ್ದರು. ಡಾ. ಕೆ.ಎಸ್. ರವೀಂದ್ರನಾಥ್ ಸಮಿತಿ 24 ಸಾವುಗಳನ್ನು ಪರಿಶೀಲಿಸಿತು. ನಾಲ್ಕಕ್ಕೆ ಹೃದಯದ ಗೊಡವೆಯೇ ಇರಲಿಲ್ಲ. ಲಸಿಕೆಯ ಮೇಲಿನ ಆರೋಪಕ್ಕೂ ಆಧಾರ ಸಿಗಲಿಲ್ಲ. ಅಷ್ಟರಲ್ಲಿ ಕೂಲಿ ಬಿಟ್ಟು, ಬಸ್ಸು ಹತ್ತಿ, ಸಾಲಿನಲ್ಲಿ ನಿಂತು ಬಂದವರಿಗೆ ಆ ದಿನದ ಕೂಲಿಯನ್ನು ಯಾವ ಸಂಕಥನ ಕೊಡುತ್ತದೆ?

ಈ) ನಾಲ್ಕನೆಯದಕ್ಕೆ ‘ಅಪಹರಣೋನ್ಮುಖ’ ಎಂಬ ಚೆಂದದ ಹೆಸರಿಟ್ಟಿದ್ದೆ. ಬೇಡ. 2018ರ ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಹೈದರಾಬಾದಿನಿಂದ ಬಂದ ಗೆಳೆಯರನ್ನು ಕಳ್ಳರೆಂದು ಅಟ್ಟಿಸಿಕೊಂಡು ಹೋಗಿ, ಮುರ್ಕಿಯಲ್ಲಿ ಒಬ್ಬ ಎಂಜಿನಿಯರನ್ನು ಬಡಿದು ಕೊಂದರು. ಆ ವರ್ಷ ದೇಶವಿಡೀ ಹರಿದಾಡಿದ ಅಪಹರಣದ ವಿಡಿಯೊ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಹೀರಾತು. ಕೊನೆಗೆ ಮಗುವನ್ನು ವಾಪಸು ಬಿಡುವ ತುಣುಕನ್ನು ಯಾರೋ ಕತ್ತರಿಸಿದ್ದರು. ಹೀಗೆ ವಿವರ ಉದುರುವುದನ್ನು ಶಾಸ್ತ್ರದಲ್ಲಿ ‘ಸಮತಲೀಕರಣ’ ಎನ್ನುತ್ತಾರಂತೆ. ಕೊಲೆಯ ಮೊದಲ ಹೆಜ್ಜೆಗೆ ಎಷ್ಟು ಮೆತ್ತನೆಯ ಹೆಸರು! ಐದನೆಯ ವರ್ಗ ಯಾರಿಗೆ ಬೇಕು?

4. ಪರಿಹಾರ ಮೀಮಾಂಸೆ

ಸರ್ಕಾರಕ್ಕೂ ಐದರ ಮೇಲೆ ಭಕ್ತಿ. 2012ರ ಆಗಸ್ಟ್‌ನಲ್ಲಿ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಜನ ಬೆಂಗಳೂರಿನಿಂದ ಗುವಾಹಟಿಯ ರೈಲುಗಳಿಗೆ ತುಂಬಿಕೊಂಡಾಗ, ಹದಿನೈದು ದಿನ ಒಮ್ಮೆಗೆ ಐದಕ್ಕಿಂತ ಹೆಚ್ಚು ಮಂದಿಗೆ ಎಸ್ಸೆಮ್ಮೆಸ್ ಕಳಿಸುವಂತಿಲ್ಲ ಎಂದರು. ಮುರ್ಕಿಯ ನಂತರ ವಾಟ್ಸ್‌ಆ್ಯಪ್ ಕೂಡ ಫಾರ್ವರ್ಡ್ ಮಿತಿಯನ್ನು ಐದಕ್ಕೇ ಇಳಿಸಿತು. ಬೆರಳು ಎಣಿಸಿದರು, ಸೂತ್ರದಲ್ಲಿದ್ದ ಸಂದಿಗ್ಧತೆಯನ್ನು ಸೊನ್ನೆ ಮಾಡುವ ಕೆಲಸ ಹಾಗೇ ಉಳಿಯಿತು.

ಅದು ಬಲ್ಲವರ ಕೆಲಸ, ಅಂದರೆ ನಮ್ಮದು. ಗಾಳಿಸುದ್ದಿ ನಮ್ಮನ್ನು ಸೋಲಿಸಿದ್ದು ಸುಳ್ಳಿನ ಬಲದಿಂದಲ್ಲ. ಅದು ಬೇಗ ಬರುತ್ತದೆ, ಪಕ್ಕದಲ್ಲಿ ಕೂರುತ್ತದೆ, ಅಜ್ಜಿಗೂ ತಿಳಿಯುವ ಕನ್ನಡದಲ್ಲಿ ಮಾತಾಡುತ್ತದೆ. “ಸೂಜಿಯಿಂದ ಸಾಯ್ತಾವ್ರೆ” ಎಂದು ಅದು ಹೇಳಿ ಮುಗಿಸುವಾಗ, ನಾವಿನ್ನೂ ‘ಹೃದಯರಕ್ತನಾಳೀಯ ಅಪಾಯಕಾರಕಗಳ ಬಹುಆಯಾಮ’ಗಳಿಗೆ ಅಡಿಟಿಪ್ಪಣಿ ಹಾಕುತ್ತಿರುತ್ತೇವೆ. ಬಿಪಿ ನೋಡಿಸ್ಕೋ, ಶುಗರ್ ನೋಡಿಸ್ಕೋ, ಬೀಡಿ ಬಿಡು, ಎದೆ ಹಿಂಡಿದರೆ ಬೆಳಗಾಗಲಿ ಅಂತ ಕಾಯಬೇಡ, ಆಗಲೇ ಆಸ್ಪತ್ರೆಗೆ ಹೊರಡು: ಕಣಕಟ್ಟೆಗೆ ಬೇಕಾಗಿದ್ದುದು ಇಷ್ಟು. ಇದಕ್ಕೆ ಪಿಎಚ್‌.ಡಿ ಕೊಡುವುದಿಲ್ಲವಾದ್ದರಿಂದ ಯಾರೂ ಹೇಳಲಿಲ್ಲ.