ಗ್ರಂಥಿಪರೀಕ್ಷೆ

"ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ಮುಂಜಾನೆಯಿಂದ ನಿಂತು, ಮೂತ್ರವು ಅವಸರಪಡಿಸಿದಾಗಲೆಲ್ಲ ಸ್ಥಾನಭ್ರಷ್ಟನಾಗಿ ಮರಳಿ ಕೊನೆಯವನಾಗುವುದಕ್ಕಿಂತ, ಖಾಸಗಿಯವರ ತಣ್ಣನೆಯ ಸೋಫಾದಲ್ಲಿ ಕುಳಿತು ಪ್ರಾಸ್ಟೇಟ್ ಗ್ರಂಥಿಯ ಪಿಎಸ್‌ಎ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಲೇಸಲ್ಲವೇ, ಮೇಷ್ಟ್ರೇ?" ಎಂದರು ನಿವೃತ್ತ ಶಿರಸ್ತೇದಾರರು.

"ಲೇಸೇ, ರಾಯರೇ. ಅಲ್ಲಿ ಸೂಜಿಯಿಂದ ತೆಗೆಯುವ ರಕ್ತ ಅತ್ಯಲ್ಪ. ಉಳಿದುದನ್ನು ಬಿಲ್ಲಿನಿಂದ ತೆಗೆಯುತ್ತಾರೆ."

"ಅಂಕೆ 4 ದಾಟಿದರೆ ಅರ್ಬುದವಂತೆ?"

"ವಯೋಧರ್ಮದಿಂದ ಹಿಗ್ಗಿದ ಗ್ರಂಥಿ, ಮೂತ್ರದ ಸೋಂಕು, ನೀವು ನಿನ್ನೆ ಲಾಲ್‌ಬಾಗಿನವರೆಗೆ ತುಳಿದ ಸೈಕಲ್ಲು, ಇವೂ ಅದನ್ನು ಏರಿಸಬಲ್ಲವು. ಪಿಎಸ್‌ಎ ಎಂಬ ಆ ದ್ರವ್ಯದ ಸಂಶೋಧಕರಲ್ಲೊಬ್ಬರಾದ ರಿಚರ್ಡ್ ಆಬ್ಲಿನ್ನರೇ, ಕಂಡಕಂಡವರಿಗೆಲ್ಲ ಈ ಪರೀಕ್ಷೆ ಮಾಡುವುದನ್ನು 2010ರಲ್ಲಿ ಖಂಡಿಸಿ ಬರೆದರು."

"ಹಾಗಿದ್ದರೆ ಯಾರನ್ನು ನಂಬಲಿ?"

"ಸರ್ಕಾರಿ ವೈದ್ಯರಿಗೆ ರೋಗವಿದೆಯೆಂದು ಶಂಕಿಸಲು ಪುರುಸೊತ್ತಿಲ್ಲ, ಖಾಸಗಿಯವರಿಗೆ ಇಲ್ಲವೆಂದು ನಂಬಲು ಮನಸ್ಸಿಲ್ಲ."

ರಾಯರು ಕ್ಷಣಕಾಲ ಚಿಂತಾಮಗ್ನರಾದರು. "ಮಗನ ವಿಮೆಯಿದೆ. ಆದರೆ ಹಣ ಬರಬೇಕಾದರೆ ಒಂದು ರಾತ್ರಿಯಾದರೂ ಒಳರೋಗಿಯಾಗಿರಬೇಕಂತೆ. ಅಷ್ಟು ಮಟ್ಟಿನ ರೋಗವನ್ನು ಹುಡುಕಿಕೊಡುವರೇ, ವಿಚಾರಿಸಿ ಬರುತ್ತೇನೆ."